ಟಕಟಕವೋ, ದಡದಡವೋ?

"ಸದ್ದು ಹೆಂಗ್ ಬರುತ್ತೆ ಅಂತ ಬಾಯಲ್ಲಿ ಮಾಡಿ ತೋರ್ಸಿ ಸ್ವಾಮಿ" ಎಂದರು ಅರಸೀಕೆರೆಯ ಆ ಮೇಸ್ತ್ರಿ. ಗ್ಯಾರೇಜಿನ ಮುಂದೆ ಟೀ ಕುಡಿಯುತ್ತಿದ್ದ ನಾಲ್ಕೈದು ಜನ ಲೋಟ ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ಮಾನ ಬಿಟ್ಟು "ಟಕ್ ಟಕ್ ಟಕ್" ಎಂದೆ.

"ಹಂಪ್ ಮೇಲೋ, ಬರೀ ಜಲ್ಲಿ ಎದ್ದಿರೋ ರೋಡಲ್ಲೋ?"

"ಜಲ್ಲಿ ರೋಡಲ್ಲಿ. ನಿಧಾನಕ್ಕೆ ಹೋಗುವಾಗ."

"ಹಂಪ್ ನೆಟ್ಟಗೆ ಹತ್ತಿ ಇಳಿಸಿದ್ರೆ?"

"ಏನೂ ಇಲ್ಲ."

ಅವರು ಬಾನೆಟ್ಟು ಎತ್ತಲಿಲ್ಲ, ಜಾಕ್ ತರಿಸಲಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಮುಂದಿನ ಚಕ್ರದ ಹಿಂದೆ ಕೈ ತೂರಿಸಿ, ಪೆನ್ಸಿಲಿಗಿಂತ ತುಸು ದಪ್ಪನೆಯ ಒಂದು ಕಂಬಿಯನ್ನು ಹಿಡಿದು ಅಲುಗಿಸಿದರು. ಟಕ್ ಟಕ್ ಟಕ್. ನಾನು ಬಾಯಲ್ಲಿ ಮಾಡಿದ್ದೇ ಸದ್ದು.

ಆ ಕಂಬಿಗೆ ಲಿಂಕ್ ರಾಡ್ ಎನ್ನುತ್ತಾರೆ. ಎರಡು ತುದಿಗೂ ಒಂದೊಂದು ಪುಟ್ಟ ಬಾಲ್ ಜಾಯಿಂಟು. ಒಂದರ ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸು ತೊಳೆದುಹೋಗಿ, ಗುಂಡು ತನ್ನ ಬಟ್ಟಲಿನಲ್ಲಿ ಲೊಟಗುಟ್ಟುತ್ತಿತ್ತು. ಎಡಕ್ಕೂ ಬಲಕ್ಕೂ ಹೊಸದು ಹಾಕಿಸಿದ್ದಕ್ಕೆ ಕೂಲಿ ಸೇರಿ ಸಾವಿರದ ಚಿಲ್ಲರೆ. ಇದಕ್ಕೆ ಮೂರು ವಾರ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಇದೇ ಸದ್ದಿಗೆ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿಕೊಂಡು ಒಂಬತ್ತು ಸಾವಿರ ಎಣಿಸಿ ಬಂದಿದ್ದೆ. ಹಳೆಯ ಶಾಕುಗಳನ್ನು ಕೇಳಿ ಮನೆಗೆ ತಂದಿದ್ದೆ. ಒಣಗಿದ ಮೈ, ಒಂದು ತೊಟ್ಟು ಎಣ್ಣೆ ಸೋರಿಲ್ಲ. ನಮ್ಮ ಕಾರಿನಲ್ಲಿ ಶಾಕ್ ಬಿಚ್ಚಬೇಕಾದರೆ ಲಿಂಕ್ ರಾಡನ್ನು ಮೊದಲು ಬಿಚ್ಚಲೇಬೇಕು. ಅಂದರೆ ಅಲ್ಲಿನ ಹುಡುಗರ ಕೈ ಅದೇ ಸಡಿಲ ಕೀಲಿನ ಮೇಲೆ ಎರಡು ಸಲ ಓಡಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ತಪ್ಪು ಅವರದೊಂದೇ ಅಲ್ಲ. ಕಾರು ಬಿಡುವಾಗ ನಾನೇ "ಶಾಕ್ ಹೋಗಿದೆ ಅನ್ಸುತ್ತೆ, ನೋಡಿ" ಎಂದಿದ್ದೆ. ಡಾಕ್ಟರ ಮುಂದೆ ಕುಳಿತು ಹೊಟ್ಟೆನೋವು ಎನ್ನುವ ಬದಲು "ಅಪೆಂಡಿಕ್ಸ್ ತೆಗೀರಿ" ಎಂದ ಹಾಗೆ. ಕಾರಿನ ಕೆಳಗಡೆಯಿಂದ ಬರುವ ಎಲ್ಲ ಸದ್ದಿಗೂ ನಮ್ಮಲ್ಲಿ ಇರುವುದು ಅದೊಂದೇ ಹೆಸರು.

ಕನ್ನಡದವರಿಗೆ ಈ ಬಡತನ ಇರಬೇಕಾಗಿಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಎರಡು ಅಂಕಕ್ಕೆ ಉರು ಹೊಡೆದದ್ದು ಜೀವನದಲ್ಲಿ ಉಪಯೋಗಕ್ಕೆ ಬರುವ ಜಾಗವೆಂದರೆ ಗ್ಯಾರೇಜು. ಟಕಟಕ, ಕಟಕಟ, ಲೊಟಲೊಟ, ದಡದಡ, ಕಿರಕಿರ, ಗುರ್ರ್, ಧಡ್, ಡಂಯ್. ಇವುಗಳಲ್ಲಿ ಒಂದೊಂದೂ ಒಂದೊಂದು ಬಿಡಿಭಾಗದ ದನಿ. ಹೊಸದಾಗಿ ಕಾರು ರಿಪೇರಿ ಕಲಿಯುವವರು ಸ್ಪ್ಯಾನರ್ ಸೆಟ್ ಕೊಳ್ಳುವುದಕ್ಕೆ ಮುಂಚೆ ಕಿವಿ ತಿದ್ದಿಕೊಳ್ಳಬೇಕು ಎಂಬುದು ನನ್ನ ವಾದ. ಒಂಬತ್ತು ಸಾವಿರ ತೆತ್ತು ಕಲಿತದ್ದು.

ಮೊದಲಿಗೆ, ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ಅರ್ಧ ಸುಳ್ಳು. ಗುಂಡಿಯ ಪೆಟ್ಟನ್ನು ನುಂಗುವುದು ಸ್ಪ್ರಿಂಗು. ಕಾರಿನ ಭಾರ ಹೊರುವುದೂ ಅದೇ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಇರಚಿಯ ಮೇಲೆಯೇ ಗಾಡಿ ಕೂತಿರುತ್ತಿತ್ತು, ಕೂತವರ ಬೆನ್ನುಮೂಳೆಯೇ ಸ್ಪ್ರಿಂಗು. ಮೈಸೂರಿನ ಟಾಂಗಾ ಹತ್ತಿದವರಿಗೆ ಕೆಳಗಿನ ಬಾಗಿದ ಉಕ್ಕಿನ ಪಟ್ಟಿಗಳು ನೆನಪಿರಬಹುದು. ಅಂಥ ಪಟ್ಟಿ ಸ್ಪ್ರಿಂಗನ್ನು ಕುದುರೆ ಗಾಡಿಗೆ ಕೂರಿಸುವ ಬಗೆಗೆ ಇಂಗ್ಲೆಂಡಿನ ಒಬಾಡಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ. ಪೆಟ್ಟೇನೋ ತಪ್ಪಿತು, ಹೊಸ ಕಾಟ ಶುರುವಾಯಿತು. ಸ್ಪ್ರಿಂಗಿಗೆ ನಿಲ್ಲಿಸುವುದು ಗೊತ್ತಿಲ್ಲ. ಒತ್ತಿ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಸಾಧಾರಣ ಕಾರಿನ ಮೈ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ಹೆಚ್ಚುಕಡಿಮೆ ನಮ್ಮ ನಡಿಗೆಯ ಲಯ.

ಆ ಕುಣಿತ ನಿಲ್ಲಿಸುವುದೇ ಶಾಕಿನ ಕೆಲಸ. ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಮೇಲೆ ಕೆಳಗೆ ಆಡುವಾಗ ಎಣ್ಣೆ ಆ ಕಿಂಡಿಗಳಲ್ಲಿ ನುಸುಳಲು ತಿಣುಕುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಹದಗೆಟ್ಟ ಘಾಟಿ ರಸ್ತೆಯಲ್ಲಿ ತುಂಬಿದ ಕಾರು ಇಳಿಸಿಕೊಂಡು ಬಂದ ಮೇಲೆ ಶಾಕನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಬಹುಪಾಲು ಕಾರುಗಳಲ್ಲಿ ಒಂದರೊಳಗೊಂದು ಎರಡು ಕೊಳವೆ ಇರುತ್ತವೆ. ಗ್ಯಾಸ್ ಶಾಕ್ ಎಂದು ಅಂಗಡಿಯಲ್ಲಿ ಕೊಡುವುದೂ ಎಣ್ಣೆಯದೇ. ಎಣ್ಣೆ ನೊರೆಗಟ್ಟದಂತೆ ಒತ್ತಡದಲ್ಲಿ ಸಾರಜನಕ ತುಂಬಿರುತ್ತಾರೆ, ಅಷ್ಟೇ.

ಮುಂದಿನ ಚಕ್ರಗಳ ಕಥೆ ಸ್ವಲ್ಪ ಬೇರೆ. ನಮ್ಮ ರಸ್ತೆಗಳ ಮೇಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಶೆವ್ರೊಲೆ ಕೆಡೆಟ್ ಎಂಬ ಪುಟ್ಟ ಕಾರಿಗಾಗಿ ಕೆಲಸ ಮಾಡುತ್ತಿದ್ದ. ಕಂಪನಿ 1947ರಲ್ಲಿ ಆ ಯೋಜನೆ ಕೈಬಿಟ್ಟಿತು, ಆತ ಫೋರ್ಡ್ ಸೇರಿದ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಮತ್ತು ಝೆಫರ್ ಕಾರುಗಳು ಅವನ ಸ್ಟ್ರಟ್ ಹೊತ್ತು ಬಂದವು. ಸ್ಪ್ರಿಂಗು, ಶಾಕು, ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬ ಮೂರನ್ನೂ ಒಂದೇ ಕಂಬದಲ್ಲಿ ಮುಗಿಸಿದ ಮಿತವ್ಯಯ ಅದು. ಮಾರುತಿ 800ಕ್ಕೆ ಮುಂದೆ ಇದ್ದದ್ದೂ ಇದೇ. ಹೊಸಬರು ಇದರಲ್ಲಿ ನೆನಪಿಡಬೇಕಾದದ್ದು ಒಂದು: ಮುಂದಿನ ಶಾಕ್ ಬಿಚ್ಚಿದರೆ ಚಕ್ರ ನಿಲ್ಲುವ ಕೋನವನ್ನೇ ಕದಲಿಸಿದಂತೆ. ಹಿಂದಿನ ಶಾಕ್ ಹಾಗಲ್ಲ, ಬಹಳ ಹ್ಯಾಚ್‌ಬ್ಯಾಕುಗಳಲ್ಲಿ ಅದು ಸ್ಪ್ರಿಂಗಿನಿಂದ ದೂರ, ಎರಡು ಬೋಲ್ಟಿನಲ್ಲಿ ಪ್ರತ್ಯೇಕವಾಗಿ ನಿಂತಿರುತ್ತದೆ.

ಈಗ ಮೇಸ್ತ್ರಿಯ ಪ್ರಶ್ನೆಗೆ ಬರೋಣ. ಹಂಪಿನ ಮೇಲೋ, ಜಲ್ಲಿ ರೋಡಲ್ಲೋ ಎಂದು ಯಾಕೆ ಕೇಳಿದರು? ಎಡ ಬಲ ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಬಾಗಿದ ಉಕ್ಕಿನ ಸರಳು ಇರುತ್ತದೆ. ತಿರುವಿನಲ್ಲಿ ಕಾರು ಒಂದೇ ಪಕ್ಕಕ್ಕೆ ವಾಲದಂತೆ ತಡೆಯುವುದು ಅದರ ಕೆಲಸ, ಅದನ್ನು ಎರಡೂ ಕಡೆ ಸ್ಟ್ರಟ್ಟಿಗೆ ಕೂಡಿಸುವುದೇ ಲಿಂಕ್ ರಾಡ್. ಹಂಪನ್ನು ನೆಟ್ಟಗೆ ಹತ್ತಿದರೆ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಸರಳು ತನ್ನ ಜಾಗದಲ್ಲೇ ಹೊರಳಿ ಸುಮ್ಮನಾಗುತ್ತದೆ. ಲಿಂಕ್ ರಾಡಿಗೆ ಕೆಲಸವೇ ಇಲ್ಲ. ಜಲ್ಲಿಯ ಮೇಲೆ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಆಗ ಅದು ಎಳೆದಾಡಿಸಿಕೊಳ್ಳುತ್ತದೆ, ಸಡಿಲವಿದ್ದರೆ ಟಕಟಕ ಎನ್ನುತ್ತದೆ. ಹಂಪಿನಲ್ಲಿ ಸದ್ದಿಲ್ಲ ಎಂದು ನಾನು ಹೇಳಿದ ಕ್ಷಣಕ್ಕೇ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು.

ಇದೇ ಜಾಡಿನಲ್ಲಿ ಉಳಿದ ಸದ್ದುಗಳನ್ನೂ ಹಿಡಿಯಬಹುದು. ಬ್ರೇಕ್ ಒತ್ತಿದಾಗ ಒಂದು ಸಲ, ಕ್ಲಚ್ ಬಿಟ್ಟು ಹೊರಟಾಗ ಇನ್ನೊಂದು ಸಲ ಕಾಲಡಿಯಲ್ಲಿ "ದಡ್" ಎಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್ ಮೇಲೆ ಅನುಮಾನ ಪಡಿ. ಉಕ್ಕಿನ ಬಳೆಯೊಳಗೆ ಕೂರಿಸಿದ ರಬ್ಬರು ಅದು. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ಹೊರಟಾಗ ಮುಂದಕ್ಕೆ. ರಬ್ಬರು ಸೀಳಿದ್ದರೆ ಆರ್ಮು ಆ ಕಡೆ ಈ ಕಡೆ ಹೋಗಿ ಬಡಿಯುತ್ತದೆ. ಹಂಪಿನ ಮೇಲೆ ಹಳೇ ಬಾಗಿಲಿನಂತೆ ಕಿರ್ರೆಂದರೆ ಒಣಗಿದ ರಬ್ಬರು, ಹೆಚ್ಚಾಗಿ ಅಪಾಯವಿಲ್ಲ, ಕಿರಿಕಿರಿ ಮಾತ್ರ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ತಂತಿ ಮೀಟಿದ ಹಾಗೆ "ಡಂಯ್" ಎಂದರೆ ಸ್ಟ್ರಟ್ಟಿನ ನೆತ್ತಿಯ ಮೇಲಿನ ಬೇರಿಂಗ್ ಹಿಡಿದುಕೊಂಡು ಸ್ಪ್ರಿಂಗು ಸುತ್ತಿಕೊಂಡು ಬಿಡುತ್ತಿದೆ. ಬಾನೆಟ್ ಎತ್ತಿ ಆ ನೆತ್ತಿಯ ಮೇಲೆ ಬೆರಳಿಟ್ಟು ಮನೆಯವರಿಗೆ ಸ್ಟೇರಿಂಗ್ ತಿರುಗಿಸಲು ಹೇಳಿ, ಎಳೆತ ಬೆರಳಿಗೇ ತಿಳಿಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಎಂದರೆ ಅದು ಸಸ್ಪೆನ್ಷನ್ನೇ ಅಲ್ಲ, ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ಲಿನ ಕೀಲು. ಹಿಂದಿನಿಂದ ದಡಬಡ ಎಂದರೆ ಯಾವುದನ್ನೂ ಬಿಚ್ಚುವ ಮುಂಚೆ ಡಿಕ್ಕಿ ತೆಗೆದು ಜಾಕ್ ಮತ್ತು ಅದರ ಹಿಡಿಕೆ ಕೂತಲ್ಲೇ ಕೂತಿವೆಯೇ ನೋಡಿ. ನಗಬೇಡಿ.

ಒಂದು ಸದ್ದಿನಲ್ಲಿ ಮಾತ್ರ ತಮಾಷೆ ಬೇಡ. ಲೋವರ್ ಆರ್ಮಿನ ತುದಿಯ ಬಾಲ್ ಜಾಯಿಂಟ್ ಸಡಿಲಾದರೂ ಟಕಟಕ, ಲೊಟಲೊಟ ಎನ್ನುತ್ತದೆ. ಲಿಂಕ್ ರಾಡ್ ತುಂಡಾದರೆ ಕಾರು ತಿರುವಿನಲ್ಲಿ ಸ್ವಲ್ಪ ಹೆಚ್ಚು ವಾಲುತ್ತದೆ, ಮನೆ ತಲುಪಬಹುದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರು ನೆಲಕ್ಕೆ ಕೂರುತ್ತದೆ. ರಸ್ತೆ ಬದಿಯಲ್ಲಿ ಒಂದು ಮುಂದಿನ ಚಕ್ರ ಅಡ್ಡಡ್ಡ ಬಿದ್ದಿರುವ ಕಾರು ಕಂಡಿದ್ದರೆ ಅದರ ಹಿಂದೆ ಈ ಕಥೆ ಇರುವುದುಂಟು. ಈ ಎರಡರ ವ್ಯತ್ಯಾಸ ನಿಮಗೆ ತಿಳಿಯದಿದ್ದರೆ ತಿಳಿದವರಿಗೆ ಅದೇ ದಿನ ತೋರಿಸಬೇಕು, ಹಬ್ಬ ಮುಗಿಯಲಿ ಎನ್ನಬಾರದು.

ಹಾಗಾದರೆ ಶಾಕ್ ನಿಜವಾಗಿ ಹೋದಾಗ ಏನಾಗುತ್ತದೆ? ವಿಚಿತ್ರವೆಂದರೆ ಅದು ಬಹಳ ಸಲ ಸದ್ದೇ ಮಾಡುವುದಿಲ್ಲ. ಹಂಪ್ ದಾಟಿದ ಮೇಲೆ ಕಾರು ದೋಣಿಯ ಹಾಗೆ ಇನ್ನೆರಡು ಸಲ ತೂಗುತ್ತದೆ. ಬ್ರೇಕಿಗೆ ಮೂತಿ ನೆಲಕ್ಕೆ ಹಾಕುತ್ತದೆ. ದೊಡ್ಡ ಗುಂಡಿಯಲ್ಲಿ ಧಡ್ ಎಂದು ತಳ ಮುಟ್ಟುತ್ತದೆ. ಟೈರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ಚಮಚದಲ್ಲಿ ಕೆರೆದಂಥ ಹಳ್ಳಗಳು ಸಿಗುತ್ತವೆ, ಕುಣಿಯುವ ಚಕ್ರ ನೆಲವನ್ನು ಮುಟ್ಟಿ ಮುಟ್ಟಿ ಸವೆದ ಗುರುತು. ಶಾಕಿನ ಮೈ ಮೇಲೆ ತೆಳ್ಳಗೆ ಧೂಳು ಅಂಟಿಕೊಂಡಿದ್ದರೆ ಗಾಬರಿ ಬೇಡ, ಎಣ್ಣೆ ಇಳಿದು ಒದ್ದೆಯಾಗಿದ್ದರೆ ಅದರ ಆಯುಷ್ಯ ಮುಗಿದಿದೆ. ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಹಳೇ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಪೂರಾ ಸತ್ತ ಶಾಕನ್ನು ಅದು ಹಿಡಿಯುತ್ತದೆ, ಅರೆಜೀವದ್ದನ್ನು ಬಿಟ್ಟುಬಿಡುತ್ತದೆ.

ಎಂಬತ್ತು ಸಾವಿರ ಕಿಲೋಮೀಟರಿಗೆ ಶಾಕ್ ಬದಲಿಸಿ ಎಂಬುದು ಮಾರುವವರ ಲೆಕ್ಕ. ನಮ್ಮಲ್ಲಿ ಸಸ್ಪೆನ್ಷನ್ ಸವೆಯುವುದು ಕಿಲೋಮೀಟರಿನಿಂದಲ್ಲ, ಹಂಪಿನಿಂದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿಗೆ ಅಳತೆ ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಇಪ್ಪತ್ತೈದರ ವೇಗದಲ್ಲಿ ಸುಗಮವಾಗಿ ದಾಟುವಂತಿರಬೇಕು. ನಿಮ್ಮ ಬೀದಿಯದಕ್ಕೆ ಟೇಪು ಹಿಡಿದು ನೋಡಿ. ಊರ ಮುಂದೆ ಒಂದು ಅಪಘಾತವಾದ ಮರುದಿನ ಸಿಮೆಂಟಿನಲ್ಲಿ ಎದ್ದ ದಿಬ್ಬಕ್ಕೆ ಅಳತೆಯೂ ಇಲ್ಲ, ಬಿಳಿ ಪಟ್ಟೆಯೂ ಇಲ್ಲ. ಕರಾವಳಿಯವರಿಗೆ ಇನ್ನೊಂದು ಶತ್ರು ಉಪ್ಪು ಗಾಳಿ. ಸ್ಪ್ರಿಂಗಿನ ಕೆಳಗಿನ ಸುತ್ತಿನಲ್ಲಿ ಕೆಸರು ಕೂತು, ಬಣ್ಣ ಎದ್ದು, ತುಕ್ಕು ಕಚ್ಚಿ ಒಂದು ದಿನ ಮುರಿಯುತ್ತದೆ. ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ಎರಡೂ ಕಡೆ ನೋಡಿ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು ಎಂದರೆ ಬಗ್ಗಿ ನೋಡುವುದು ಒಳ್ಳೆಯದು.

ರೋಗ ಗೊತ್ತಾಯಿತು ಎಂದಿಟ್ಟುಕೊಳ್ಳಿ, ಇನ್ನು ಔಷಧಿ ಅಂಗಡಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಅಲ್ಲಿ ಕೌಂಟರಿನವನು ಮೊದಲು ಕೇಳುವುದು ಮಾಡೆಲ್, ಆಮೇಲೆ "ಪೆಟ್ರೋಲಾ ಡೀಸೆಲ್ಲಾ?" ಎಂದು ಕೇಳಿದರೆ ಬೇಜಾರಾಗಬೇಡಿ, ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದರ ಮುಂದಿನ ಸ್ಪ್ರಿಂಗೂ ಶಾಕೂ ಬೇರೆಯಾಗಿರುತ್ತವೆ. ವರ್ಷ ಒಂದೇ ಇದ್ದರೂ ಎಬಿಎಸ್ ಇರುವ ಕಾರಿನ ಸ್ಟ್ರಟ್ಟಿನಲ್ಲಿ ವೈರ್ ಹಿಡಿಯುವ ಕೊಂಡಿ ಇರುತ್ತದೆ, ಇಲ್ಲದ್ದರಲ್ಲಿ ಇರುವುದಿಲ್ಲ. ಮುಂದಿನ ಎಡದ್ದು ಬಲಕ್ಕೆ ಹೊಂದುವುದಿಲ್ಲ. ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಹಳೇ ಪಾರ್ಟನ್ನು ಬಿಚ್ಚಿ ಕೈಯಲ್ಲೇ ಒಯ್ದರೆ ಇನ್ನೂ ಒಳ್ಳೆಯದು, ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ವಾದಕ್ಕೆ ಜಾಗವಿಲ್ಲ.

ಕಂಪನಿ ಡಬ್ಬದ್ದೇ ಬೇಕೇ? ನನ್ನ ಮಟ್ಟಿಗೆ ಬೇಕಿಲ್ಲ. ಕಾರು ತಯಾರಿಸುವವರು ಶಾಕನ್ನು ತಾವು ಮಾಡುವುದಿಲ್ಲ, ಮಾಡುವವರಿಂದ ತರಿಸಿಕೊಳ್ಳುತ್ತಾರೆ. 1961ರಿಂದ ಈ ಕೆಲಸದಲ್ಲಿರುವ ಗೇಬ್ರಿಯಲ್‌ನಂಥ ಹೆಸರುಗಳು ತಮ್ಮದೇ ಡಬ್ಬದಲ್ಲೂ ಮಾರುತ್ತವೆ, ಬೆಲೆ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ಕೆಳಗಿನ ಮೆಟ್ಟಿಲು ಹೆಸರಿಲ್ಲದ "ಲೋಕಲ್". ಲಿಂಕ್ ರಾಡಿನಲ್ಲಿ ಲೋಕಲ್ ಹಾಕಿ ಆರು ತಿಂಗಳಲ್ಲಿ ಮತ್ತೆ ಟಕಟಕ ಕೇಳಿದವರನ್ನು ಬಲ್ಲೆ. ಬಾಲ್ ಜಾಯಿಂಟಿನಲ್ಲಂತೂ ಲೋಕಲ್ ಮಾತೇ ಬೇಡ. ಡಬ್ಬದ ಮೇಲಿನ ಎಂಆರ್‌ಪಿ ಚೀಟಿ, ಪಾರ್ಟ್ ನಂಬರ್, ತಯಾರಾದ ತಿಂಗಳು ಮೂರನ್ನೂ ನೋಡಿ, ಜಿಎಸ್‌ಟಿ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ, ಹಳೇ ಲೆಕ್ಕದ ಬಿಲ್ ಹಾಕಿದರೆ ಕೇಳುವ ಹಕ್ಕು ನಿಮಗಿದೆ. ಗುಜರಿ ಅಂಗಡಿಯಿಂದ ಬಾಗಿಲ ಹಿಡಿ ತನ್ನಿ, ಕನ್ನಡಿ ತನ್ನಿ, ಶಾಕ್ ಮಾತ್ರ ತರಬೇಡಿ. ಒಳಗೆ ಎಷ್ಟು ಜೀವ ಉಳಿದಿದೆ ಎಂದು ಹೊರಗಿನಿಂದ ಹೇಳಲಾಗದ ವಸ್ತು ಅದು.

ಶಾಕನ್ನು ಜೋಡಿಯಾಗಿಯೇ ಬದಲಿಸಬೇಕು, ಮುಂದಿನವೆರಡು ಅಥವಾ ಹಿಂದಿನವೆರಡು. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಹಾಕಿ ನಡೆದರೆ ಹೇಗೋ ಹಾಗೆ ಆಗುತ್ತದೆ ಇಲ್ಲದಿದ್ದರೆ. ಸ್ಪ್ರಿಂಗಿಗೂ ಇದೇ ಮಾತು. ಮುಂದಿನ ಸ್ಟ್ರಟ್ ಬಿಚ್ಚುವುದಾದರೆ ನೆತ್ತಿಯ ಮೌಂಟು, ಬೇರಿಂಗು, ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು, ಧೂಳು ತಡೆಯುವ ಬೂಟು ಇವನ್ನೂ ಅದೇ ಉಸಿರಿನಲ್ಲಿ ಹೊಸದು ಹಾಕಿ. ಶಾಕಿನ ಬೆಲೆಯ ಮುಂದೆ ಇವು ಪುಡಿಗಾಸು, ಕೂಲಿ ಮಾತ್ರ ಎರಡನೇ ಸಲಕ್ಕೂ ಅಷ್ಟೇ ಬೀಳುತ್ತದೆ. ಬೂಟು ಹರಿದರೆ ಮರಳು ಹೊಳೆಯುವ ರಾಡಿಗೆ ಗೀರು ಹಾಕುತ್ತದೆ, ಗೀರು ಎಣ್ಣೆಯ ಸೀಲನ್ನು ಕೊಯ್ಯುತ್ತದೆ. ಹೊಸ ಶಾಕ್ ವರ್ಷದಲ್ಲಿ ಸೋರಿದರೆ ಬಹಳ ಸಲ ಇದೇ ಕಾರಣ.

ಎತ್ತರ ಹೆಚ್ಚಿಸಲು ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರು ಈಗ ಆನ್‌ಲೈನಿನಲ್ಲಿ ಧಾರಾಳ. ಬಾಗಿದ ಸ್ಪ್ರಿಂಗಿಗೆ ಅದು ಊರುಗೋಲು, ಮದ್ದಲ್ಲ. ಆ ಸುತ್ತು ಆಡುವುದನ್ನು ನಿಲ್ಲಿಸಿದರೆ ಅದರ ಪಾಲಿನ ಕೆಲಸ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಕಾರು ತಗ್ಗಾಗಿ ಕಾಣಲೆಂದು ಸ್ಪ್ರಿಂಗನ್ನೇ ಕತ್ತರಿಸುವವರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಸಂಪಾದಕರು ಅಚ್ಚು ಹಾಕಲಾರರು.

ಮನೆಯಲ್ಲೇ ಮಾಡಬಹುದೇ? ಲಿಂಕ್ ರಾಡ್, ಧಾರಾಳವಾಗಿ. ಸ್ಪ್ರಿಂಗಿನಿಂದ ಬೇರೆಯಾಗಿ ನಿಂತ ಹಿಂದಿನ ಶಾಕ್, ಜಾಗ್ರತೆಯಿದ್ದರೆ. ಮುಂದಿನ ಸ್ಟ್ರಟ್, ಮೊದಲ ವರ್ಷ ಬೇಡ. ಒಂಬೈನೂರು ಕಿಲೋದ ಕಾರಿನಲ್ಲಿ ಮುಂದಿನ ಒಂದೊಂದು ಚಕ್ರದ ಮೇಲೆ ಇನ್ನೂರೈವತ್ತು ಕಿಲೋಗೂ ಮಿಕ್ಕಿ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎಂಬ ಎರಡು ಕೊಕ್ಕೆಗಳಿಂದ ಸ್ಪ್ರಿಂಗನ್ನು ಒತ್ತಿ ಹಿಡಿದಾಗ ಅಷ್ಟು ಬಲ ಅದರಲ್ಲಿ ಕಟ್ಟಿಹಾಕಿದ ಹಾಗೆ. ಕೊಕ್ಕೆ ಜಾರಿದರೆ ಅದು ಯಾವ ಕಡೆ ಹಾರುತ್ತದೆ ಎಂದು ಊಹಿಸುವಷ್ಟು ಸಮಯ ಇರುವುದಿಲ್ಲ. ಸ್ಟ್ರಟ್ಟನ್ನು ನೀವು ಬಿಚ್ಚಿ, ಸ್ಪ್ರಿಂಗ್ ಬದಲಿಸುವುದಕ್ಕೆ ಮಾತ್ರ ಗಟ್ಟಿ ಯಂತ್ರವಿರುವ ಗ್ಯಾರೇಜಿಗೆ ಒಯ್ದು ತರುವುದೂ ಒಂದು ದಾರಿ.

ಕಾರಿನೊಂದಿಗೆ ಬಂದ ಜಾಕ್ ಇರುವುದು ಪಂಕ್ಚರಿಗೆ. ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ಕೈ, ತಲೆ ಹಾಕಬಾರದು. ಎರಡು ಜಾಕ್ ಸ್ಟ್ಯಾಂಡ್ ಕೊಳ್ಳಿ, ಎದುರು ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಸ್ಟ್ಯಾಂಡ್ ಬದಲು ಹಾಲೋ ಬ್ಲಾಕ್ ಇಡುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಬ್ಲಾಕು ಬಿರುಕು ಬಿಡುವ ಮುಂಚೆ ಸೂಚನೆ ಕೊಡುವುದಿಲ್ಲ.

ಕಳೆದ ದೀಪಾವಳಿ ರಜೆಯಲ್ಲಿ ಹಿಂದಿನ ಶಾಕುಗಳನ್ನು ನಾನೇ ಬದಲಿಸಿದೆ. ಹಿಂದಿನ ರಾತ್ರಿ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮಲಗಿದೆ, ಬೆಳಿಗ್ಗೆ ಅರ್ಧ ಕೆಲಸ ಮುಗಿದಿತ್ತು. ಒಂದು ಕಡೆಯದನ್ನು ಮುಗಿಸುವವರೆಗೆ ಇನ್ನೊಂದು ಕಡೆ ಮುಟ್ಟಲಿಲ್ಲ. ವಾಷರು ಯಾವ ಮುಖ ಇತ್ತು ಎಂಬ ಅನುಮಾನ ಬಂದೇ ಬರುತ್ತದೆ, ಬಿಚ್ಚದ ಕಡೆ ಹೋಗಿ ನೋಡಿಕೊಳ್ಳಬಹುದು. ಶಾಕ್ ಕಳಚಿದ ಕೂಡಲೇ ಆಕ್ಸಲ್ ಜೋತುಬಿದ್ದು ಬ್ರೇಕ್ ಪೈಪ್ ಎಳೆಯುತ್ತದೆ, ಆದ್ದರಿಂದ ಅದರ ಕೆಳಗೆ ಇನ್ನೊಂದು ಜಾಕ್ ಕೊಟ್ಟಿದ್ದೆ. ಹೊಸ ಶಾಕನ್ನು ಡಬ್ಬದಿಂದ ತೆಗೆದು ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆದೆ. ಡಬ್ಬದಲ್ಲಿ ಅಡ್ಡ ಮಲಗಿದ್ದಾಗ ಒಳಗಿನ ಕೊಳವೆಗೆ ಗಾಳಿ ಸೇರಿರುತ್ತದೆ. ಮೊದಲನೇ ಒತ್ತಿಗೆ ಗಂಟಲು ಸರಿಮಾಡಿಕೊಂಡಂತೆ ಗೊರ್ರೆಂದಿತು, ನಾಲ್ಕನೆಯದಕ್ಕೆ ನುಣ್ಣಗೆ ಇಳಿಯಿತು. ನೆತ್ತಿಯ ನಟ್ಟು ತಿರುಗಿಸಿದರೆ ರಾಡೂ ಜೊತೆಗೆ ತಿರುಗುತ್ತದೆ. ಆಗ ಇಕ್ಕಳದಿಂದ ಆ ಹೊಳೆಯುವ ರಾಡನ್ನು ಹಿಡಿಯುವ ಮನಸ್ಸಾಗುತ್ತದೆ. ಹಿಡಿದಿರೋ, ಇಕ್ಕಳದ ಹಲ್ಲಿನ ಗುರುತೇ ಸೀಲಿಗೆ ಗರಗಸ. ರಾಡಿನ ತುದಿಯಲ್ಲೇ ಹಿಡಿಯಲು ಜಾಗ ಇರುತ್ತದೆ, ಅಲೆನ್ ಕೀ ಅಥವಾ ಸಣ್ಣ ಸ್ಪ್ಯಾನರ್ ಸಾಕು.

ನನಗೆ ಯಾರೂ ಹೇಳದೆ, ಒಂದು ಬುಷ್ ಕಳೆದುಕೊಂಡು ಕಲಿತ ಸಂಗತಿ ಇನ್ನೊಂದಿದೆ. ಶಾಕಿನ ಕೆಳಗಿನ ಕಣ್ಣು, ಲೋವರ್ ಆರ್ಮಿನ ತುದಿ, ಎಲ್ಲಿ ರಬ್ಬರ್ ಬುಷ್ ಮೂಲಕ ಬೋಲ್ಟ್ ಹಾಯುತ್ತದೋ ಅಲ್ಲೆಲ್ಲ ಕೊನೆಯ ಬಿಗಿ ಕಾರು ತನ್ನ ಭಾರದ ಮೇಲೆ ನಿಂತಾಗಲೇ ಕೊಡಬೇಕು. ಬುಷ್ ಎಂದರೆ ಬಾಗಿಲ ಕೀಲಲ್ಲ, ತಿರುಗುವುದಿಲ್ಲ. ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಉಕ್ಕಿನ ತೋಳು ಅಲ್ಲೇ ಗಟ್ಟಿ, ಹೊರಗಿನದು ಆರ್ಮಿನ ಜೊತೆ ಹೋಗುತ್ತದೆ, ನಡುವಿನ ರಬ್ಬರು ತಿರುಚಿಕೊಂಡು ಕೆಲಸ ಮಾಡುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ಅದೇ ಅದರ ನೆಮ್ಮದಿಯ ಸ್ಥಿತಿ. ಕಾರು ಇಳಿಸಿದಾಗಿನಿಂದ ಹಗಲು ರಾತ್ರಿ, ನಿಂತಾಗಲೂ, ರಬ್ಬರು ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ, ನಾವು "ಡೂಪ್ಲಿಕೇಟ್ ಕೊಟ್ಟುಬಿಟ್ಟ" ಎಂದು ಅಂಗಡಿಯವನನ್ನು ಬೈಯುತ್ತೇವೆ. ಗ್ಯಾರೇಜಿನವರು ಮಾಡುತ್ತಿದ್ದರೂ ನಿಂತು ನೋಡಿ, ಕಾರು ಲಿಫ್ಟಿನಲ್ಲಿ ಇರುವಾಗಲೇ ಗನ್ನಿನಿಂದ ಗರ್ರೆಂದು ಬಿಗಿದರೆ ಬಾಯಿ ಬಿಟ್ಟು ಹೇಳಿ.

ಲಿಂಕ್ ರಾಡಿಗಾಗಲಿ ಹಿಂದಿನ ಶಾಕಿಗಾಗಲಿ ವೀಲ್ ಅಲೈನ್‌ಮೆಂಟ್ ಬೇಕಾಗುವುದಿಲ್ಲ. ಮುಂದಿನ ಸ್ಟ್ರಟ್ ಅಥವಾ ಲೋವರ್ ಆರ್ಮ್ ಮುಟ್ಟಿದ್ದರೆ ಅದೇ ದಿನ ಮಾಡಿಸಬೇಕು. ತಿದ್ದುವ ಮುಂಚಿನ ಮತ್ತು ನಂತರದ ಅಂಕಿಗಳ ಚೀಟಿ ಯಂತ್ರದಿಂದ ಬರುತ್ತದೆ, ಕೇಳಿ ಪಡೆಯಿರಿ. ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ, ಕೌಂಟರಿನಲ್ಲಿ ಎರಡೂ ಒಂದೇ ಎಂಬಂತೆ ಬಿಲ್ ಆಗುವುದುಂಟು.

ಬಿಚ್ಚಿದ ನೈಲಾನ್ ಬಳೆಯ ನಟ್ಟುಗಳನ್ನು ಮತ್ತೆ ಹಾಕಬೇಡಿ, ಹೊಸದಕ್ಕೆ ಹತ್ತಿಪ್ಪತ್ತು ರೂಪಾಯಿ. ಸಾಧ್ಯವಾದರೆ ಟಾರ್ಕ್ ರೆಂಚ್ ಒಂದನ್ನು ಸಾಲ ತನ್ನಿ, ಎಷ್ಟು ಬಿಗಿ ಎಂಬುದು ಆಯಾ ಕಾರಿನ ಪುಸ್ತಕದಲ್ಲಿದೆ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಂದು ಸಲ ಬಿಗಿಮಾಡಿ ನೋಡಿ. ದೀಪಾವಳಿಯ ಮರುವಾರ ನೋಡಿದಾಗ ನನ್ನ ಕಾರಿನಲ್ಲಿ ಹಿಂದಿನ ಎಡಗಡೆಯದೊಂದು ಕಾಲು ಸುತ್ತು ಬಂತು.